ವಾಡೆಯ ಗೋಡೆ, ಬಾಡಿಗೆಯ ಬೆಳಕು

ಪುಣೆಯ ವಾಡೆಗಳನ್ನು ಕಟ್ಟಿದವರು ಎಣ್ಣೆಯ ದೀಪಕ್ಕೆಂದು ಗೋಡೆಯಲ್ಲಿ ಗೂಡು ಬಿಟ್ಟಿದ್ದರು. ತಂತಿಗೆ ಜಾಗ ಬಿಡುವ ಪ್ರಶ್ನೆಯೇ ಅವರಿಗೆ ಇರಲಿಲ್ಲ. ಕಸಬಾ, ಶನಿವಾರ, ಸದಾಶಿವ ಪೇಟೆಗಳ ಹಳೆಯ ಮನೆಗಳಲ್ಲಿ ಭಾರ ಹೊರುವುದು ಮರದ ಕಂಬ ಮತ್ತು ತೊಲೆ. ನಡುವಿನ ಗೋಡೆ ಇಟ್ಟಿಗೆ ಮತ್ತು ಮಣ್ಣಿನದು, ಮೇಲೆ ಸುಣ್ಣದ ಗಾರೆ.

ಕನ್ನಡಿಗರಿಗೆ ವಿದ್ಯುತ್ತಿನ ಕಥೆ ಶಿವನಸಮುದ್ರದಿಂದ ಶುರುವಾಗುತ್ತದೆ: 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಸಹ್ಯಾದ್ರಿಯ ಈ ಭಾಗದಲ್ಲಿ ಟಾಟಾ ಕಂಪನಿ 1915ರಲ್ಲಿ ಲೋಣಾವಳದ ಮಳೆನೀರನ್ನು ಘಟ್ಟದ ಕೆಳಗಿನ ಖೋಪೋಲಿಗೆ ಇಳಿಸಿ ಮುಂಬೈನ ಗಿರಣಿಗಳಿಗೆ ವಿದ್ಯುತ್ ಕೊಟ್ಟಿತು. ಪುಣೆಯ ವಾಡೆಗಳೊಳಗೆ ದೀಪ ಬರುವ ಹೊತ್ತಿಗೆ ಅವುಗಳ ಗೋಡೆಗಳು ಎಂದೋ ಮುಗಿದಿದ್ದವು. ಹಾಗಾಗಿ ತಂತಿ ಗೋಡೆಯ ಮೇಲೆಯೇ ಓಡಿತು: ಪಿಂಗಾಣಿಯ ಹಿಡಿಕೆಗಳಲ್ಲಿ, ಮುಚ್ಚಳವಿರುವ ಮರದ ಪಟ್ಟಿಯೊಳಗೆ, ಆಮೇಲೆ ತೇಗದ ಬ್ಯಾಟನ್ ಮೇಲೆ ತಗಡಿನ ಕ್ಲಿಪ್ಪುಗಳಲ್ಲಿ.

ವಾಡೆ ಎಂದರೆ ನಮ್ಮ ಉತ್ತರ ಕರ್ನಾಟಕದಲ್ಲಿ ದೇಸಾಯರ ದೊಡ್ಡ ಮನೆ. ಪುಣೆಯ ಎಷ್ಟೋ ವಾಡೆಗಳು ಇಪ್ಪತ್ತನೇ ಶತಮಾನದಲ್ಲಿ ವಠಾರಗಳಾದವು. 1947ರ ಮುಂಬೈ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಬಹುಮಟ್ಟಿಗೆ 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಿತು. ಮಾಲೀಕ ವಿದ್ಯುತ್ತನ್ನು, ಮೆಟ್ಟಿಲು ಮತ್ತು ಓಣಿಯ ದೀಪವನ್ನು ಕತ್ತರಿಸುವಂತಿಲ್ಲ ಎಂದೂ ಹೇಳಿತು. ಮನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಅವನದೇ. ಆದರೆ ಏರದ ಬಾಡಿಗೆಯಲ್ಲಿ ದುರಸ್ತಿಗೆ ದುಡ್ಡು ಹಾಕಲು ಅವನಿಗೆ ಮನಸ್ಸಿಲ್ಲ. ತನ್ನದಲ್ಲದ ಗೋಡೆಗೆ ಖರ್ಚು ಮಾಡಲು ಬಾಡಿಗೆದಾರನಿಗೂ ಮನಸ್ಸಿಲ್ಲ. ತಿರುಪು ಬಿಚ್ಚಿ ತೆಗೆಯಬಹುದಾದ ಬ್ಯಾಟನ್ ವೈರಿಂಗ್ ಈ ಇಕ್ಕಟ್ಟಿಗೆ ಸರಿಹೊಂದುತ್ತಿತ್ತು.

ಒಂದು ಬಲ್ಬು, ಒಂದು ಫ್ಯಾನಿಗೆಂದು ಎಳೆದ ಎರಡೆಳೆಯ ತಂತಿಗೆ ಈಗ ಫ್ರಿಜ್, ಗೀಸರ್ ಸೇರಿವೆ. ಅರ್ಥಿಂಗ್ ಇಲ್ಲ. ಹಳೆಯ ರಬ್ಬರ್ ಹೊದಿಕೆ ಗಡುಸಾಗಿ ಉದುರುತ್ತದೆ, ಪಕ್ಕದಲ್ಲೇ ಒಣಗಿದ ಮರದ ತೊಲೆ. ಬೆಂಕಿ ಹತ್ತಿದರೆ ಮರದ ಮನೆಯ ಗತಿ ಏನೆಂಬುದಕ್ಕೆ 1828ರಲ್ಲಿ ಸುಟ್ಟುಹೋದ ಶನಿವಾರವಾಡೆಯ ಕಲ್ಲಿನ ಅಡಿಪಾಯ ಇಂದಿಗೂ ಸಾಕ್ಷಿ.

ವೈರಿಂಗ್ ಬದಲಿಸಲೇಬೇಕು. ಆದರೆ ಇಂದಿನ ರೂಢಿಯಂತೆ ಕಟರ್ ಹಿಡಿದು ಗೋಡೆ ಸೀಳಿದರೆ ಮಣ್ಣಿನ ಗಾರೆ ಸಡಿಲವಾಗುತ್ತದೆ. ಸೀಳಿಗೆ ತುಂಬಿದ ಸಿಮೆಂಟು, ಸುಣ್ಣ ಬಿಟ್ಟುಕೊಡುವಷ್ಟು ತೇವವನ್ನು ಬಿಟ್ಟುಕೊಡದು. ದಾರಿಗೆ ಅಡ್ಡ ಬಂತೆಂದು ಕಂಬವನ್ನೇ ಕೊರೆದರೆ ಭಾರ ಹೊರುವುದಕ್ಕೇ ಪೆಟ್ಟು. ಇದಕ್ಕಿಂತ ಹಳಬರ ದಾರಿಯೇ ಮೇಲು: ತೊಲೆಯ ಅಂಚಿನಲ್ಲಿ, ಮರದಿಂದ ಬೇರ್ಪಟ್ಟ ಕೇಸಿಂಗ್‌ನೊಳಗೆ ಮೂರೆಳೆಯ ಹೊಸ ತಾಮ್ರದ ತಂತಿ, ನೆಲಕ್ಕೆ ಸರಿಯಾದ ಅರ್ಥಿಂಗ್, ಬೋರ್ಡಿನಲ್ಲಿ ಆರ್‌ಸಿಸಿಬಿ. ನೋಟಕ್ಕೆ ಅಷ್ಟೇನೂ ಚೆಂದ ಇರಲಾರದು. ಆದರೆ ಮುಂದಿನ ಸಲ ತಂತಿ ಬದಲಿಸುವವರಿಗೂ ಗೋಡೆ ಇಡಿಯಾಗಿ ಸಿಗುತ್ತದೆ.