ಕಾಗಿಣಾ ಕಣಿವೆಯ ಜಲಾಶಯಗಳು ಮತ್ತು ಪಕ್ಷಿದಾಖಲೆಯ ಸಮಸ್ಯೆ

ಕರ್ನಾಟಕದ ಪಕ್ಷಿವೀಕ್ಷಣೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಳೆಯ ಮೈಸೂರಿನಿಂದ ಆರಂಭಿಸುತ್ತಾರೆ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೈಗೊಂಡ ಸಮೀಕ್ಷೆ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದುದು, ಇವೇ ಆ ಕಥನದ ಮೊದಲ ಮೈಲಿಗಲ್ಲುಗಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ಪರಿಸರಕ್ಕೆ ಇದರಲ್ಲಿ ಸ್ಥಳವಿಲ್ಲ. ಆದರೆ ಅದೇ ವಿದ್ವಾಂಸರು ಮೈಸೂರಿಗೆ ಬರುವ ಮೊದಲೇ, 1931-32ರಲ್ಲಿ, ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ್ದರು. ಹ್ಯೂ ವಿಸ್ಲರ್ ಅವರ ಟಿಪ್ಪಣಿಗಳೊಡನೆ ಅದರ ವರದಿಯು 1933-34ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. 1956ರಲ್ಲಿ ಆ ಸಂಸ್ಥಾನದ ಭೂಭಾಗ ಮೂರು ರಾಜ್ಯಗಳಿಗೆ ಹಂಚಿಹೋದಾಗ ಅದರ ಪಕ್ಷಿವಿಜ್ಞಾನದ ಪರಂಪರೆಯೂ ಹಂಚಿಹೋಯಿತು. ಕನ್ನಡದ ಅಭ್ಯಾಸಿಗಳು ಆ ವರದಿಯನ್ನು ತಮ್ಮ ನಾಡಿನ ದಾಖಲೆಯೆಂದು ಇನ್ನೂ ಎಣಿಸಿಕೊಂಡಿಲ್ಲವೆಂಬುದು ನನ್ನ ಅಭಿಪ್ರಾಯ.

ಈ ವರದಿಯನ್ನು ಬಳಸುವಾಗ ಎಚ್ಚರವೂ ಅಗತ್ಯ. 82 ಸಾವಿರ ಚದರ ಮೈಲಿಗೂ ಮಿಗಿಲಾದ ಸಂಸ್ಥಾನದಲ್ಲಿ ಆಯ್ದ ಕೆಲವು ಬಿಡಾರಗಳಿಂದ ನಡೆದ ಸಮೀಕ್ಷೆಯು ಪ್ರತಿ ತಾಲ್ಲೂಕಿನ ಕೆರೆಯನ್ನೂ ನೋಡಿರಲು ಸಾಧ್ಯವಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಇಂದು ಚಿಂಚೋಳಿಯ ಪಕ್ಷಿವೀಕ್ಷಕರು ಹೋಗಿ ನಿಲ್ಲುವ ಚಂದ್ರಂಪಳ್ಳಿ ಜಲಾಶಯ ಅಂದು ಇರಲೇ ಇಲ್ಲ. ಅದು ಏಕೀಕರಣದ ನಂತರ ನೀರಾವರಿಗಾಗಿ ಕಟ್ಟಿದ್ದು. ಮುಲ್ಲಾಮಾರಿ ನದಿಗೆ ನಾಗರಾಳದ ಬಳಿ ಕಟ್ಟಿದ ಅಣೆಕಟ್ಟಿನ ಮಾತೂ ಅಷ್ಟೇ. ಆದ್ದರಿಂದ ಈ ಜಲಾಶಯಗಳಲ್ಲಿ ಇಂದು ಕಾಣುವ ನೀರುಹಕ್ಕಿಗಳನ್ನು 1930ರ ದಶಕದ ಪಟ್ಟಿಯೊಡನೆ ನೇರವಾಗಿ ಹೋಲಿಸಿ ‘ಹೆಚ್ಚಿವೆ’ ಅಥವಾ ‘ಕಡಿಮೆಯಾಗಿವೆ’ ಎಂದು ತೀರ್ಮಾನಿಸುವುದು ಶಾಸ್ತ್ರೀಯವಾಗಲಾರದು.

ಹಾಗಾದರೆ ಅಂದು ಹಕ್ಕಿಗಳು ಇಳಿಯುತ್ತಿದ್ದುದು ಎಲ್ಲಿ? ಮುಲ್ಲಾಮಾರಿಯನ್ನು ಕೂಡಿಸಿಕೊಂಡು ಸೇಡಂ ಸೀಮೆಯಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿಯುವ ಕಾಗಿಣೆ, ಮುಂದೆ ಹೊನಗುಂಟಿಯ ಬಳಿ ಭೀಮೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಉಳಿಯುವ ಮಡುಗಳು, ಊರಕೆರೆಗಳು, ಎರೆಹೊಲಗಳ ತಗ್ಗುಗಳು, ಇವುಗಳನ್ನೇ ನಾವು ಊಹಿಸಬೇಕಾಗುತ್ತದೆ. ಕೆರೆಯೊಂದರ ಇತಿಹಾಸವೇ ಪಕ್ಷಿಗಳ ಇತಿಹಾಸಕ್ಕೆ ಆಧಾರವಾಗಬಲ್ಲದೆಂಬುದಕ್ಕೆ ನೆರೆಯ ಸುರಪುರದ ಬೋನಾಳ ಕೆರೆ ಉತ್ತಮ ನಿದರ್ಶನ. ನಾಯಕ ಅರಸರ ಕಾಲದ ಆ ಕೆರೆಯನ್ನು 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಅಭಿವೃದ್ಧಿಪಡಿಸಿದನು. ಬೇಸಾಯಕ್ಕೆಂದು ಕಟ್ಟಿದ ನೀರು ಇಂದು ಪಕ್ಷಿಧಾಮವಾಗಿದೆ. ಆತನ ಆತ್ಮಕಥೆ 1877ರಲ್ಲಿ ಅಚ್ಚಾಯಿತು. ಕೆರೆಯ ಕಾಮಗಾರಿಯ ದೃಷ್ಟಿಯಿಂದ ಓದಿಕೊಂಡು ಬಂದಿರುವ ಅದನ್ನು ಪ್ರಕೃತಿಯ ದಾಖಲೆಯಾಗಿಯೂ ಓದಬೇಕಾಗಿದೆ.

ವಾಡಿ ಮತ್ತು ಶಹಾಬಾದದ ಸ್ಥಿತಿ ಬೇರೆ. ಅಲ್ಲಿ ಸುಣ್ಣಕಲ್ಲಿನ ನೆಲವನ್ನು ಹಾಸುಗಲ್ಲಿಗೂ ಸಿಮೆಂಟಿಗೂ ಅಗೆದು ಬಿಟ್ಟ ಗಣಿಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಕಡಿದಾದ ಗೋಡೆಯ ಆಳವಾದ ಗುಂಡಿ ಗುಳುಮುಳುಕಕ್ಕೆ ಸಾಕಾದೀತು. ತೆಳುನೀರಿನ ಅಂಚಿನಲ್ಲಿ ಮೇವು ಹುಡುಕುವ ಮೆಟ್ಟುಗಾಲು ಹಕ್ಕಿಗೆ, ಬಣ್ಣದ ಕೊಕ್ಕರೆಗೆ ಅದು ಒದಗುವುದಿಲ್ಲ. ನೀರಿದ್ದಲ್ಲೆಲ್ಲ ಹಕ್ಕಿ ಬರುತ್ತದೆಂಬ ನಂಬಿಕೆಯನ್ನು ಈ ಗುಂಡಿಗಳು ಪ್ರಶ್ನಿಸುತ್ತವೆ.

2011ರಲ್ಲಿ ಚಿಂಚೋಳಿಯ ಅರಣ್ಯದ 134.88 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕಾಡಿಗೆ ಇದರಿಂದ ರಕ್ಷಣೆ ದೊರೆಯಿತು. ಆದರೆ ಪಟ್ಟೆತಲೆ ಹೆಬ್ಬಾತಿನಂಥ ಚಳಿಗಾಲದ ಅತಿಥಿಗಳಿಗೆ ಕೆರೆಯಷ್ಟೇ ಕೆರೆಯ ಸುತ್ತಲಿನ ಹೊಲವೂ ಬೇಕು. ಅವು ನೀರಿನಲ್ಲಿ ತಂಗಿ ಬೆಳೆಭೂಮಿಯಲ್ಲಿ ಮೇಯುತ್ತವೆ. ಹೊಲ ಅಭಯಾರಣ್ಯದ ಗಡಿಯ ಹೊರಗಿರುತ್ತದೆ. ಎರೆಭೂಮಿಯ ಹೆಸರನ್ನೇ ಹೊತ್ತ ಎರೆಭೂತ ಪಕ್ಷಿಗೆ ನೆಲೆ ತಪ್ಪಿದ್ದೂ ಇಂಥ ಬಯಲುಗಳಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿಯ ಮಾದರಿ ನಮ್ಮ ಮುಂದಿದೆ. ಚಂದ್ರಂಪಳ್ಳಿಯಲ್ಲಿ ಎಣಿಸುವವರು ಹಕ್ಕಿಗಳ ಸಂಖ್ಯೆಯ ಜೊತೆಗೆ ಅಂದಿನ ನೀರಿನ ಮಟ್ಟವನ್ನು, ಆ ವರ್ಷದ ಮಳೆಯನ್ನು, ದಡದ ಹೊಲಗಳಲ್ಲಿದ್ದುದು ಕಡಲೆಯೋ ಜೋಳವೋ ತೊಗರಿಯೋ ಎಂಬುದನ್ನು, ಮೀನುಗಾರರೂ ಕುರಿಗಾಹಿಗಳೂ ಆ ಹಕ್ಕಿಗೆ ಕರೆಯುವ ಕನ್ನಡ, ತೆಲುಗು, ದಖನಿ ಹೆಸರುಗಳನ್ನು ಬರೆದಿಡಬೇಕು. ಸಂಸ್ಥಾನದ ವರದಿ ಈ ಭಾಗಕ್ಕೆ ಒದಗಿಸಲಾಗದೆ ಹೋದ ವಿವರಗಳು ಇವೇ.