ಬಿಡಿಭಾಗದ ಒಡೆತನ

ಬೆಲೆ ಕೊಟ್ಟು ಯಂತ್ರವನ್ನು ಕೊಂಡವನು ಅದರ ಒಡೆಯನೆಂಬುದು ವ್ಯಾಪಾರದ ಹಳೆಯ ನಿಯಮ. ಆದರೆ ಆ ಒಡೆತನದ ಮಿತಿಯು ಯಂತ್ರ ಕೆಟ್ಟ ದಿನ ತಿಳಿದುಬರುತ್ತದೆ. ಬಿಡಿಭಾಗಗಳು ತಯಾರಕನ ಕೈಯಲ್ಲಿಯೇ ಉಳಿದರೆ ಎಂತಹ ನುರಿತ ಕಸುಬುದಾರನೂ ನಿರುಪಾಯನು. ದೊಡ್ಡ ಕಂಪನಿಗಳಿಗೂ ಸ್ವತಂತ್ರ ದುರಸ್ತಿಗಾರರಿಗೂ ನಡೆದಿರುವ ವ್ಯಾಜ್ಯಗಳ ಮೂಲವು ಇಲ್ಲಿದೆ.

ಅಮೆರಿಕದ ಐಬಿಎಂ ಕಂಪನಿಯು ತನ್ನ ಲೆಕ್ಕದ ಯಂತ್ರಗಳನ್ನು ಮಾರದೆ ಬಾಡಿಗೆಗೆ ಕೊಡುತ್ತಿದ್ದಿತು. ಆದುದರಿಂದ ದುರಸ್ತಿಯೂ ಅದರ ಸ್ವತ್ತೇ ಆಗಿದ್ದಿತು. ಸರ್ಕಾರವು ಹೂಡಿದ ದಾವೆಯಲ್ಲಿ 1956ರಲ್ಲಿ ಆದ ರಾಜಿ ಡಿಕ್ರಿಯು, ಯಂತ್ರಗಳನ್ನು ಮಾರಾಟಕ್ಕೂ ಇಡುವಂತೆ, ಹೊರಗಿನ ದುರಸ್ತಿಗಾರರಿಗೆ ಬಿಡಿಭಾಗಗಳನ್ನು ಒದಗಿಸುವಂತೆ ಕಂಪನಿಯನ್ನು ಕಟ್ಟುಪಡಿಸಿತು.

ಮೂರು ದಶಕಗಳ ತರುವಾಯ ಇದೇ ಪ್ರಶ್ನೆಯು ಕೊಡಾಕ್ ಕಂಪನಿಯ ನಕಲು ಯಂತ್ರಗಳ ವಿಷಯದಲ್ಲಿ ತಲೆಯೆತ್ತಿತು. 1980ರ ದಶಕದ ಆರಂಭದಲ್ಲಿ ಸಣ್ಣ ಸಂಸ್ಥೆಗಳು ಇವುಗಳ ದುರಸ್ತಿಯನ್ನು ಕಡಿಮೆ ದರದಲ್ಲಿ ಮಾಡತೊಡಗಿದ್ದವು. 1985–86ರಲ್ಲಿ ಕೊಡಾಕ್, ತನ್ನಿಂದ ದುರಸ್ತಿ ಮಾಡಿಸುವ ಇಲ್ಲವೆ ತಾವೇ ಮಾಡಿಕೊಳ್ಳುವ ಗ್ರಾಹಕರಿಗೆ ಮಾತ್ರ ಬಿಡಿಭಾಗ ಮಾರುವ ನೀತಿಯನ್ನು ತಂದಿತು. ತನಗಾಗಿ ಭಾಗಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗಳೂ ಅವನ್ನು ಬೇರೆಯವರಿಗೆ ಮಾರದಂತೆ ಕರಾರು ಮಾಡಿಕೊಂಡಿತು. ಕೆಲವರು ಕಸುಬನ್ನೇ ಬಿಡಬೇಕಾಯಿತು. ಉಳಿದವರು 1987ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು.

ದುರಸ್ತಿ ದುಬಾರಿಯೆನಿಸಿದರೆ ಗ್ರಾಹಕನು ಬೇರೆ ಕಂಪನಿಯ ಯಂತ್ರವನ್ನೇ ಕೊಳ್ಳುವನಷ್ಟೆ, ಆದುದರಿಂದ ಪೈಪೋಟಿಗೆ ಕುಂದಿಲ್ಲ ಎಂಬುದು ಕೊಡಾಕ್‌ನ ವಾದ. ಸುಪ್ರೀಂ ಕೋರ್ಟು 1992ರಲ್ಲಿ ಈ ವಾದವನ್ನು ಆರು–ಮೂರರ ಬಹುಮತದಿಂದ ತಳ್ಳಿಹಾಕಿತು. ಯಂತ್ರದ ಜೀವಮಾನದ ಖರ್ಚನ್ನು ಕೊಳ್ಳುವ ದಿನವೇ ಲೆಕ್ಕ ಹಾಕುವುದು ಸುಲಭವಲ್ಲ. ಭಾರಿ ಬೆಲೆ ತೆತ್ತವನಿಗೆ ಅದನ್ನು ಬದಲಿಸುವುದೂ ಸುಲಭವಲ್ಲ ಎಂಬ ತತ್ತ್ವವನ್ನು ಅದು ಎತ್ತಿಹಿಡಿಯಿತು. 1995ರಲ್ಲಿ ಜ್ಯೂರಿಯು ಕೊಡಾಕ್‌ಗೆ ವಿರುದ್ಧವಾಗಿ ತೀರ್ಮಾನಿಸಿತು; ಹತ್ತು ವರ್ಷ ಬಿಡಿಭಾಗಗಳನ್ನು ಮಾರಬೇಕೆಂಬ ಆಜ್ಞೆಯೂ ಆಯಿತು.

ಭಾರತದಲ್ಲಿ ಈ ಪ್ರಶ್ನೆಯು ಮೋಟಾರು ಕಾರುಗಳ ರೂಪದಲ್ಲಿ ಬಂದಿತು. ಬಿಡಿಭಾಗ, ದೋಷ ಪತ್ತೆಯ ಉಪಕರಣ ಮತ್ತು ಕೈಪಿಡಿಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದರೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ತಯಾರಕರಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಅದರ ಮೇಲೆ ಮೇಲ್ಮನವಿಗಳೂ ಆದವು. 2022ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಮೊಬೈಲ್ ಫೋನು, ಗೃಹೋಪಕರಣ, ಕೃಷಿ ಯಂತ್ರಗಳನ್ನೂ ಒಳಗೊಂಡಂತೆ ದುರಸ್ತಿಯ ಹಕ್ಕನ್ನು ಪರಿಶೀಲಿಸಲು ಸಮಿತಿಯನ್ನು ನೇಮಿಸಿತು.

ಈ ಪ್ರಕರಣಗಳಲ್ಲಿ ಎಲ್ಲಿಯೂ ವ್ಯಾಜ್ಯದ ತಿರುಳು ಕಸುಬುದಾರನ ಕೈಚಳಕವಲ್ಲ. ಅವನ ಕೈಗೆ ಭಾಗವೂ ಕೈಪಿಡಿಯೂ ಸಿಗಬೇಕೆ ಎಂಬುದೇ ಆಗಿದೆ. ಇಂದು ಇವುಗಳ ಜತೆಗೆ ತಂತ್ರಾಂಶವೂ ಬೀಗವಾಗಿ ಸೇರಿದೆ: ಹೊಸ ಭಾಗವನ್ನು ಸರಿಯಾಗಿ ಜೋಡಿಸಿದರೂ ಫೋನು ಅದನ್ನು ಒಪ್ಪದಿರಬಹುದು. ಬೀಗವು ಹೊಸದು, ಬೀಗದ ಕೈ ಯಾರಲ್ಲಿರಬೇಕೆಂಬ ಪ್ರಶ್ನೆ 1956ರದೇ.