ಆಟದ ಕಟ್ಟಳೆ, ಆಟದ ಹೆಸರು: ಕೊಪ್ಪಳ ಸೀಮೆಯ ಹಿನ್ನೆಲೆಯಲ್ಲಿ ಅನುಕರಣ-ಅಪಹರಣಗಳ ವಿಚಾರ

ಕ್ರಿ. ಶ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳು ನೆಲಸಿರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸಿರುವುದು ಕನ್ನಡ ಬಲ್ಲವರೆಲ್ಲರಿಗೂ ತಿಳಿದ ವಿಷಯವಾಗಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಅದೇ ಗ್ರಂಥವು ತನ್ನ ಲಕ್ಷಣಭಾಗದಲ್ಲಿ ಬಹುಮಟ್ಟಿಗೆ ದಂಡಿಯ 'ಕಾವ್ಯಾದರ್ಶ'ವನ್ನು ಅನುಸರಿಸಿದೆಯೆಂಬುದನ್ನೂ ವಿದ್ವಾಂಸರು ಬಹುಕಾಲದಿಂದ ತೋರಿಸುತ್ತ ಬಂದಿದ್ದಾರೆ. ಆದರೂ ಮಾರ್ಗಕಾರನನ್ನು ಕಳ್ಳನೆಂದು ಕರೆದವರಿಲ್ಲ. ಕೊಪ್ಪಳದ ಗವಿಮಠದ ಬಂಡೆಯಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ, ೧೯೩೧ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವಂತೂ ಬೇರೆಡೆಗಳಲ್ಲಿಯೂ ಕೆತ್ತಿರುವ ಪಾಠದ ಪ್ರತಿಯೇ ಸರಿ; ಅದು ಹುಟ್ಟಿದ್ದೇ ನಕಲಾಗುವುದಕ್ಕಾಗಿ.

ಹಾಗೆಂದ ಮಾತ್ರಕ್ಕೆ ಅನುಕರಣವೆಲ್ಲವೂ ನಿರ್ದೋಷವೆಂದು ಪ್ರಾಚೀನರು ಭಾವಿಸಿದ್ದರೆಂದು ತಿಳಿಯಬಾರದು. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ದ್ಯೋತದಲ್ಲಿ, ಒಬ್ಬ ಕವಿಯ ಉಕ್ತಿಯು ಮತ್ತೊಬ್ಬನ ಉಕ್ತಿಯನ್ನು ಹೋಲುವ 'ಸಂವಾದ'ವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಕನ್ನಡಿಯ ಪ್ರತಿಬಿಂಬದಂತಿರುವುದು, ಚಿತ್ರಪಟದಂತಿರುವುದು, ಒಬ್ಬ ಮನುಷ್ಯನು ಇನ್ನೊಬ್ಬನನ್ನು ಹೋಲುವಂತಿರುವುದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ; ಎರಡನೆಯದಕ್ಕೆ ಇದ್ದರೂ ಅದು ತುಚ್ಛ; ಮೂರನೆಯದಕ್ಕೆ ತನ್ನದೇ ಜೀವವಿರುವುದರಿಂದ ಹೋಲಿಕೆಯೊಂದರಿಂದಲೇ ಅದನ್ನು ಬಿಡಬೇಕಾಗಿಲ್ಲ. ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ನಾಲ್ಕನೆಯ ಬಗೆಯೊಂದನ್ನು ಸೇರಿಸಿ ಹರಣದ ಪ್ರಕರಣವನ್ನು ಇನ್ನೂ ವಿಸ್ತರಿಸಿದನು.

ಇಂದು ಗಂಗಾವತಿಯಲ್ಲಿಯೋ ಕುಷ್ಟಗಿಯಲ್ಲಿಯೋ ಕುಳಿತು, ಯಾವ ಸಂಸ್ಥೆಯ ಆಶ್ರಯವೂ ಇಲ್ಲದೆ, ಹೆಸರಾದ ಆಟವೊಂದರ ಮಾದರಿಯಲ್ಲಿ ಮೊಬೈಲಿಗೆ ಆಟ ಕಟ್ಟಲು ಹೊರಡುವ ತರುಣನ ಮುಂದೆ ನಿಲ್ಲುವುದು ಇದೇ ಪ್ರಶ್ನೆ. ಆನಂದವರ್ಧನನ ಕಾಲದಲ್ಲಿ ತಪ್ಪಿದವನಿಗೆ ಸಹೃದಯರ ಮೂದಲಿಕೆಯೇ ದಂಡವಾಗಿತ್ತು. ಈಗ ಹಾಗಲ್ಲ. ತಿಳಿದೂ ಮಾಡಿದ ಗ್ರಂಥಸ್ವಾಮ್ಯದ ಉಲ್ಲಂಘನೆಗೆ ೧೯೫೭ರ ಕಾಯಿದೆಯ ೬೩ನೆಯ ಕಲಮು ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆಮನೆಯನ್ನೂ ೫೦ ಸಾವಿರದಿಂದ ೨ ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ವಿಧಿಸುತ್ತದೆ. ನಿಜಾಮರ ರಾಜ್ಯದೊಳಗೆ ಸಾಲಾರ್ ಜಂಗರ ಜಹಗೀರಾಗಿದ್ದ ಕೊಪ್ಪಳವು ೧೯೫೬ರ ನವೆಂಬರ್ ೧ರಂದು ಮೈಸೂರು ಸಂಸ್ಥಾನಕ್ಕೆ ಸೇರಿತು. ಹದಿನಾಲ್ಕು ತಿಂಗಳುಗಳ ಅನಂತರ, ೧೯೫೮ರ ಜನವರಿ ೨೧ರಂದು, ಈ ಕಾಯಿದೆಯು ಜಾರಿಗೆ ಬಂದಿತು.

ಆಟಗಳಿಗೆ ಒಡೆಯರು ಹುಟ್ಟಿಕೊಂಡ ಬಗೆಯನ್ನು ಅರಿಯಬೇಕಾದರೆ ಪಗಡೆಯ ಕಥೆಯಿಂದ ತೊಡಗುವುದು ಉಚಿತ. ತುಂಗಭದ್ರೆಯ ದಡದ ಹಂಪೆಯ ಮಂಟಪಗಳ ನೆಲಗಲ್ಲುಗಳಲ್ಲಿ ಇಂದಿಗೂ ಆಟದ ಮನೆಗಳ ಗೀರುಗಳನ್ನು ಕಾಣಬಹುದು. ಯಾರು ಕೊರೆದರೋ, ಯಾರು ಆಡಿದರೋ. ಒಡೆತನದ ಲಿಪಿಯೊಂದೂ ಅಲ್ಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಗಂಜೀಫದ ಆಟಗಳನ್ನು ಬರೆಯಿಸಿದಾಗಲೂ ಅದು ಸಂಗ್ರಹದ ಉತ್ಸಾಹವೇ ಹೊರತು ಸ್ವಾಮ್ಯದ ಘೋಷಣೆಯಲ್ಲ. ಇತ್ತ ಅಮೆರಿಕದಲ್ಲಿ ನಡೆದುದು ಬೇರೆ. ಹಿಂದೂಸ್ತಾನದ 'ಪಚ್ಚೀಸಿ'ಯನ್ನು ಅಲ್ಲಿನ ಸೆಲ್ಕೌ ಎಂಬವನ ಅಂಗಡಿಯು 'ಪಾರ್ಚೀಸಿ' ಎಂಬ ತಿರುಚಿದ ಹೆಸರಿನಿಂದ ಮಾರಿ, ೧೮೭೪ರಲ್ಲಿ ಆ ಹೆಸರನ್ನು ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡಿತು. ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಕವಡೆಗಳ ಸ್ಥಾನದಲ್ಲಿ ಆರು ಮುಖದ ದಾಳವನ್ನಿಟ್ಟು ಅದೇ ಆಟವನ್ನು 'ಲುಡೋ' ಎಂದು ಪೇಟೆಂಟು ಮಾಡಿಸಲಾಯಿತು. ಪೇಟೆಂಟಿನ ಅವಧಿ ತೀರಿ ಲುಡೋ ಎಂಬ ಹೆಸರು ಲೋಕದ ಸೊತ್ತಾಯಿತು. ಪಾರ್ಚೀಸಿಯು ಮಾತ್ರ ಒಡೆಯರನ್ನು ಬದಲಾಯಿಸುತ್ತ ೧೯೮೯ರಲ್ಲಿ ಹ್ಯಾಸ್ಬ್ರೋ ಎಂಬ ಕಂಪೆನಿಯ ವಶವಾಯಿತು. ಪೇಟೆಂಟಿಗೆ ಆಯುಸ್ಸುಂಟು, ವ್ಯಾಪಾರಮುದ್ರೆಗೆ, ಅದನ್ನು ಬಳಸುತ್ತ ನವೀಕರಿಸುತ್ತ ಇರುವವರೆಗೆ, ಸಾವಿಲ್ಲ. ಆಟವನ್ನು ಕೊಟ್ಟ ನಾಡಿಗೆ ಇದರಿಂದ ಬಂದ ಲಾಭವೇನೆಂದು ಕೇಳುವವರಿಗೆ ಉತ್ತರ ಸುಲಭವಾಗಿದೆ: ಏನೂ ಇಲ್ಲ.

ಸೆಲ್ಕೌ ಮತ್ತು ರೈಟರ್ ಎಂದು ಹೆಸರಾದ ಅದೇ ಅಂಗಡಿಯೇ ಮುಂದೆ 'ಸ್ಕ್ರಾಬಲ್' ಎಂಬ ಅಕ್ಷರಗಳ ಆಟವನ್ನು ಅಮೆರಿಕದಲ್ಲಿ ಪ್ರಚಾರಕ್ಕೆ ತಂದಿತು. ಪಾರ್ಚೀಸಿಯೊಡನೆ ಅದೂ ಹ್ಯಾಸ್ಬ್ರೋವಿನ ಪಾಲಾಯಿತು. ಅಮೆರಿಕ, ಕೆನಡಾಗಳ ಹೊರಗೆ ಆ ಹೆಸರಿನ ಹಕ್ಕು ಮ್ಯಾಟೆಲ್ ಕಂಪೆನಿಯದು. ಕಲಕತ್ತೆಯ ಸೋದರರಾದ ರಜತ್ ಮತ್ತು ಜಯಂತ ಅಗರ್‌ವಾಲಾ ಎಂಬವರು ಅಂತರಜಾಲದಲ್ಲಿ ಆಡತಕ್ಕ ಇಂಥದೇ ಆಟವನ್ನು ರಚಿಸಿ 'ಸ್ಕ್ರಾಬ್ಯುಲಸ್' ಎಂದು ಕರೆದರು. ೨೦೦೭ರಲ್ಲಿ ಫೇಸ್‌ಬುಕ್ಕಿನ ಮೂಲಕ ಅದು ದೇಶಾಂತರಗಳಲ್ಲಿ ಹಬ್ಬಿತು. ಎರಡು ಕಂಪೆನಿಗಳೂ ಎದ್ದವು. ಹ್ಯಾಸ್ಬ್ರೋ ಅಮೆರಿಕದಲ್ಲಿ ದಾವೆ ಹೂಡಿದ ಕೆಲವೇ ದಿನಗಳಲ್ಲಿ, ೨೦೦೮ರ ಜುಲೈ ಕೊನೆಗೆ, ಅಲ್ಲಿಯೂ ಕೆನಡಾದಲ್ಲಿಯೂ ಆಟವು ನಿಂತುಹೋಯಿತು. ನ್ಯಾಯಾಧೀಶರ ತೀರ್ಪು ಬರುವ ಮೊದಲೇ ಹೀಗಾಯಿತೆಂಬುದನ್ನು ಗಮನಿಸಬೇಕು. ಬಡ ರಚನಕಾರನಿಗೆ ನಿಜವಾದ ಅಪಾಯವು ಸೋಲಿನದಲ್ಲ, ವ್ಯಾಜ್ಯದ್ದು. ಗೆಲ್ಲಬಹುದಾದ ವ್ಯಾಜ್ಯವನ್ನೂ ನಡೆಸುವ ಹಣ ಅವನಲ್ಲಿರುವುದಿಲ್ಲ.

ಮ್ಯಾಟೆಲ್ ಕಂಪೆನಿಯು ದಿಲ್ಲಿಯ ಹೈಕೋರ್ಟಿಗೆ ತಂದ ದಾವೆಯಲ್ಲಿ ೨೦೦೮ರ ಸೆಪ್ಟೆಂಬರ್ ೧೭ರಂದು ಹೊರಬಿದ್ದ ಮಧ್ಯಂತರ ಆಜ್ಞೆಯು ಈ ವಿಷಯದಲ್ಲಿ ಭಾರತದ ಮುಖ್ಯ ಪ್ರಮಾಣವಾಗಿದೆ. ನ್ಯಾಯಮೂರ್ತಿ ರವೀಂದ್ರ ಭಟ್ಟರು ದಾವೆಯನ್ನು ಎರಡು ಸೀಳು ಮಾಡಿದರು. ಹಲಗೆಯ ಬಣ್ಣದ ಮನೆಗಳು, ಅವುಗಳ ಮೇಲಿನ ಅಂಕಗಳು, ಆಡುವ ಕಟ್ಟಳೆ, ಇವುಗಳ ಮೇಲೆ ಗ್ರಂಥಸ್ವಾಮ್ಯವಿದೆಯೆಂಬ ವಾದವನ್ನು ಮೇಲ್ನೋಟಕ್ಕೆ ಒಪ್ಪಲಿಲ್ಲ. ಭಾವವನ್ನು ಹೇಳುವುದಕ್ಕೆ ಇರುವ ದಾರಿಗಳು ಒಂದೆರಡೇ ಆದಾಗ ಭಾವವೂ ಅಭಿವ್ಯಕ್ತಿಯೂ ಬೆಸೆದುಹೋಗುತ್ತವೆ. ಆಗ ಅಭಿವ್ಯಕ್ತಿಯನ್ನು ಒಬ್ಬನಿಗೆ ಕೊಟ್ಟರೆ ಭಾವವನ್ನೇ ಕೊಟ್ಟಂತಾಗುತ್ತದೆ. ಹೆಸರಿನ ವಿಷಯದಲ್ಲಿ ಮಾತ್ರ ಸೋದರರು ಸೋತರು. ಸ್ಕ್ರಾಬ್ಯುಲಸ್ ಎಂಬುದು ಸ್ಕ್ರಾಬಲ್ ಎಂಬುದರ ನೆರಳೆಂದು ಕಂಡು ಅದರ ಬಳಕೆಯನ್ನು ನ್ಯಾಯಾಲಯವು ತಡೆಯಿತು. ಆಟವು 'ಲೆಕ್ಸುಲಸ್' ಎಂಬ ಹೊಸ ಹೆಸರಿನಿಂದ ಬದುಕಿತು.

ನಾಟಕಗಳನ್ನು ಬೋಧಿಸುವವರಿಗೆ ಈ ವಿವೇಚನೆಯ ಮೂಲವು ಅಪರಿಚಿತವಲ್ಲ. 'ಹಮ್ ಹಿಂದುಸ್ತಾನಿ' ಎಂಬ ತಮ್ಮ ನಾಟಕವನ್ನು 'ನ್ಯೂ ಡೆಲ್ಲಿ' ಚಿತ್ರದವರು ಕದ್ದರೆಂದು ಆರ್. ಜಿ. ಆನಂದರು ಹೂಡಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೧೯೭೮ರಲ್ಲಿ, ವಸ್ತು, ಭಾವ, ಇತಿವೃತ್ತಗಳಿಗೆ ಸ್ವಾಮ್ಯವಿಲ್ಲವೆಂದೂ, ಎರಡನ್ನೂ ನೋಡಿದವನ ಮನಸ್ಸಿನಲ್ಲಿ ಒಂದು ಇನ್ನೊಂದರ ನಕಲೆಂಬ ನಿಸ್ಸಂದಿಗ್ಧ ಭಾವನೆ ಮೂಡುವುದೇ ಎಂಬುದೇ ಒರೆಗಲ್ಲೆಂದೂ ನಿರ್ಣಯಿಸಿತು. ಇದು ಆನಂದವರ್ಧನನ ಸಹೃದಯನನ್ನು ಸಾಕ್ಷಿಕಟ್ಟೆಗೆ ಕರೆದಂತೆಯೇ ಇದೆ. ಪೇಟೆಂಟಿನ ಕಾಯಿದೆಯಂತೂ ಇನ್ನೂ ಸ್ಪಷ್ಟ: ೨೦೦೨ರ ತಿದ್ದುಪಡಿಯಿಂದ ಸೇರಿದ ಅದರ ೩ನೆಯ ಕಲಮಿನ (ಎಂ) ಖಂಡವು ಆಟವಾಡುವ ವಿಧಾನವನ್ನು ಆವಿಷ್ಕಾರವೆಂದೇ ಎಣಿಸುವುದಿಲ್ಲ.

ಇಷ್ಟನ್ನು ಓದಿ, ಹೆಸರನ್ನು ಬದಲಿಸಿದರೆ ಸಾಕು, ಉಳಿದುದೆಲ್ಲ ಬಯಲಿನ ಹುಲ್ಲು ಎಂದು ಭಾವಿಸುವವನು ಮೋಸಹೋಗುತ್ತಾನೆ. 'ಟೆಟ್ರಿಸ್' ಎಂಬ ಆಟವನ್ನು ಹೋಲುವ 'ಮಿನೊ' ಎಂಬುದನ್ನು ಅಮೆರಿಕದ ಒಂದು ಸಣ್ಣ ಸಂಸ್ಥೆಯು ಹೊರತಂದಿತ್ತು. ಕಟ್ಟಳೆಗಳಿಗೆ ಸ್ವಾಮ್ಯವಿಲ್ಲವೆಂಬುದೇ ಅದರ ವಾದ. ನ್ಯೂಜೆರ್ಸಿಯ ನ್ಯಾಯಾಲಯವು ೨೦೧೨ರಲ್ಲಿ ಆ ಸೂತ್ರವನ್ನು ಒಪ್ಪಿಕೊಂಡೇ ಸಂಸ್ಥೆಯನ್ನು ಸೋಲಿಸಿತು: ತುಣುಕುಗಳ ಆಕಾರ, ಬಣ್ಣದ ರೀತಿ, ಹತ್ತು ಮನೆ ಅಗಲ ಇಪ್ಪತ್ತು ಮನೆ ಎತ್ತರದ ಅಂಕಣ, ಬೀಳುವ ತುಣುಕಿನ ಮುನ್ನೆರಳು, ಇವೆಲ್ಲ ಕಟ್ಟಳೆಯಲ್ಲ, ಕಟ್ಟಳೆಗೆ ತೊಡಿಸಿದ ಉಡುಗೆ, ಬೇರೆ ಉಡುಗೆಯನ್ನು ಹೊಲಿಯುವುದು ಸಾಧ್ಯವಿದ್ದರೂ ಹೊಲಿಯಲಿಲ್ಲ. ಇದು ಪ್ರತಿಬಿಂಬಕಲ್ಪ. ಭಾರತದಲ್ಲಿ ಈ ತೀರ್ಪು ಬಂಧಕವಲ್ಲ. ಆದರೆ ಆಟಗಳ ಅಂಗಡಿಗಳು ಅಮೆರಿಕದವಾದುದರಿಂದ, ಅಲ್ಲಿಯ ಒಂದು ದೂರಿನಿಂದ ಕುಷ್ಟಗಿಯವನ ಆಟವು ಕಣ್ಮರೆಯಾಗಬಹುದು. ಇನ್ನು ಆಟದ ಒಳಗಿನ ಸಂಕೇತಲಿಪಿಯು, ಅಂದರೆ ಕಂಪ್ಯೂಟರ್ ಪ್ರೋಗ್ರಾಂ, ೧೯೮೪ರ ತಿದ್ದುಪಡಿಯಿಂದ ನಮ್ಮ ಕಾಯಿದೆಯಲ್ಲಿಯೇ ಸಾಹಿತ್ಯಕೃತಿಯೆನಿಸಿದೆ. ಅದನ್ನು ಎತ್ತಿಕೊಂಡರೆ ಕಾವ್ಯವನ್ನು ಎತ್ತಿಕೊಂಡಂತೆಯೇ ಸರಿ. ಚಿತ್ರಗಳಿಗೂ ಸಂಗೀತಕ್ಕೂ ಇದೇ ಮಾತು.

ಇದಕ್ಕೆ ಪ್ರತಿಯಾಗಿ ನಾಡ ಆಟಗಳನ್ನು ಆರಿಸಿಕೊಂಡವನ ಸ್ಥಿತಿಯನ್ನು ನೋಡಬಹುದು. ಚೌಕಾಬಾರಕ್ಕೆ ಬೇಕಾದುದು ಐದೈದರ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆಗಳು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಅಳಗುಳಿಮಣೆ, ಹುಲಿ-ಕುರಿ, ಪಗಡೆ, ಯಾವುದಕ್ಕೂ ಒಡೆಯನಿಲ್ಲ. ರೂಢಿಯ ಭಾಷೆಯಲ್ಲಿ ವಾಡಿಕೆಯಾದ ಹೆಸರುಗಳನ್ನು ಒಬ್ಬನ ಮುದ್ರೆಯಾಗಿ ನೋಂದಾಯಿಸಬಾರದೆಂದು ೧೯೯೯ರ ವ್ಯಾಪಾರಮುದ್ರೆಗಳ ಕಾಯಿದೆಯ ೯ನೆಯ ಕಲಮು ಹೇಳುತ್ತದೆ. ಆದ್ದರಿಂದ 'ಚೌಕಾಬಾರ' ಎಂದು ಬರಿದೇ ಕರೆಯುವ ಸ್ವಾತಂತ್ರ್ಯ ಎಲ್ಲರಿಗೂ ಉಂಟು. ೨೦೧೬ರಲ್ಲಿ ನವಿ ಮುಂಬಯಿಯ ಸಂಸ್ಥೆಯೊಂದು ಹೊರತಂದ 'ಲುಡೋ ಕಿಂಗ್' ಇದೇ ತತ್ತ್ವದ ಮೇಲೆ ನಿಂತಿದೆ: ಲುಡೋ ಎಲ್ಲರದು, ಆ ಜೋಡುಹೆಸರು ಮಾತ್ರ ಅದರದು.

ಈವರೆಗೆ ನಕಲು ಮಾಡುವವನ ಕಡೆಯಿಂದ ವಿಚಾರ ನಡೆಯಿತು. ನಕಲಿಗೆ ಗುರಿಯಾಗುವವನು ಇದೇ ಸೀಮೆಯಲ್ಲಿ ಇದ್ದಾನೆ. ಕೊಪ್ಪಳದಿಂದ ಎರಡು-ಮೂರು ಹರದಾರಿ ದೂರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮರದ ಗೊಂಬೆಗಳನ್ನೂ ದೇವತಾಮೂರ್ತಿಗಳನ್ನೂ ಮಾಡುತ್ತ ಬಂದಿದ್ದಾರೆ. ವಿಜಯನಗರದ ಕಾಲದಲ್ಲಿ ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೆಂಬುದು ಅವರಲ್ಲಿರುವ ಐತಿಹ್ಯ. ಹಗುರವಾದ ಮರವನ್ನು ಕೆತ್ತಿ, ತುಂಡುಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ ಅದೇ ಅಂಟಿನಲ್ಲಿ ಕಲಸಿದ 'ಕಿಟ್ಟ'ದಿಂದ ಮೈ ತುಂಬುತ್ತಾರೆ. ಕಲ್ಲಿನ ಪುಡಿಯನ್ನು ಗೋಂದಿನಲ್ಲಿ ಕಲಸಿ ಆಭರಣಗಳನ್ನು ಉಬ್ಬಿಸುತ್ತಾರೆ. ಬಂಗಾರದ ಹೊಳಪಿಗೆ ತವರದ ತಗಡನ್ನು ಬಳಸುವ 'ಲಾಜವಾರ'ವೆಂಬ ಕ್ರಮವು ಈ ಊರಿನ ವಿಶೇಷ.

೧೯೯೯ರ ಭೌಗೋಳಿಕ ಸೂಚಿಕೆಗಳ ಕಾಯಿದೆಯು ೨೦೦೩ರ ಸೆಪ್ಟೆಂಬರ್ ೧೫ರಂದು ಜಾರಿಗೆ ಬಂದ ಮೇಲೆ ಚನ್ನಪಟ್ಟಣದ ಆಟಿಕೆ, ಮೈಸೂರಿನ ಗಂಜೀಫ, ಇಲಕಲ್ ಸೀರೆಗಳೊಡನೆ ಕಿನ್ನಾಳದ ಗೊಂಬೆಗೂ ನೋಂದಣಿ ದೊರೆತಿದೆ. ಕುಷ್ಟಗಿಯ ಗಡಿಯಾಚೆಯ ಇಲಕಲ್ಲಿನ ಸೀರೆಯ ಪಾಡನ್ನು ಬಲ್ಲವರಿಗೆ ಇಂಥ ನೋಂದಣಿಯ ಬಲವೂ ಮಿತಿಯೂ ತಿಳಿದಿರಬೇಕು. ಊರಿನ ಹೆಸರನ್ನು ಪರರು ಬಳಸದಂತೆ ಕಾಯಿದೆ ಕಾಯುತ್ತದೆ. ಅದನ್ನು ಒಬ್ಬ ವರ್ತಕನ ಮುದ್ರೆಯಾಗಿಸಲು ಬಿಡುವುದಿಲ್ಲ, ಮಾರಾಟಕ್ಕೂ ಬಿಡುವುದಿಲ್ಲ. ಹತ್ತು ವರ್ಷಗಳಿಗೊಮ್ಮೆ ನವೀಕರಿಸಬೇಕು. ಆದರೆ ಕಾಯುವುದು ಹೆಸರನ್ನು, ರೂಪವನ್ನಲ್ಲ. ಕಿನ್ನಾಳದ ಗರುಡನನ್ನೇ ಬೇರೊಂದೂರಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿ, ಕಿನ್ನಾಳವೆನ್ನದೆ, ಬರಿಯ 'ಗರುಡ'ವೆಂದು ಮಾರಿದರೆ ಈ ಕಾಯಿದೆಗೆ ಕೈ ಎಟುಕುವುದಿಲ್ಲ. ಸ್ಕ್ರಾಬ್ಯುಲಸ್ ಸೋದರರನ್ನು ಉಳಿಸಿದ ನ್ಯಾಯವೇ ಇಲ್ಲಿ ಚಿತ್ರಗಾರನನ್ನು ಕೈಬಿಡುತ್ತದೆ.

ಹಿಂದೆ ಯಲಬುರ್ಗಿ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಭಾನಾಪುರದಲ್ಲಿ ೨೦೨೧ರಲ್ಲಿ ಆಟಿಕೆಗಳ ಕೈಗಾರಿಕಾ ಸಮುಚ್ಚಯಕ್ಕೆ ಅಡಿಗಲ್ಲು ಬಿದ್ದಿತು. ಸುಮಾರು ೪೦೦ ಎಕರೆಗಳ ಆ ಯೋಜನೆಯ ಉದ್ದೇಶ ದೇಶಾಂತರದ ಮಾರುಕಟ್ಟೆಗೂ ಆಟಿಕೆಗಳನ್ನು ಒದಗಿಸುವುದು. ದೊಡ್ಡ ಕಂಪೆನಿಯು ತನ್ನ ಹೊಸ ಆಟಿಕೆಯನ್ನು ಪೇಟೆಗೆ ಬಿಡುವ ಮೊದಲೇ ೨೦೦೦ದ ವಿನ್ಯಾಸಗಳ ಕಾಯಿದೆಯಂತೆ ಆಕೃತಿಯನ್ನು ನೋಂದಾಯಿಸಿಕೊಳ್ಳಬಲ್ಲದು. ಹತ್ತು ವರ್ಷ, ಮೇಲೆ ಇನ್ನೈದು ವರ್ಷ, ಯಾರೂ ಅದನ್ನು ಮುಟ್ಟುವಂತಿಲ್ಲ. ಕಿನ್ನಾಳದವನು ಆ ಬಾಗಿಲಿಗೆ ಹೋದರೆ ಮೊದಲ ಪ್ರಶ್ನೆ ಹೊಸತನದ್ದು. ಅಜ್ಜನ ಕಾಲದಿಂದ ಜಾತ್ರೆಯಲ್ಲಿ ಕಂಡ ಗರುಡನು ಹೊಸಬನಲ್ಲ. ಹೊಸ ರೂಪವೊಂದನ್ನು ಅವನೇ ಕಲ್ಪಿಸಿದನೆನ್ನೋಣ. ನೋಂದಾಯಿಸದೆ ಬಿಟ್ಟ ಅಂಥ ವಿನ್ಯಾಸದ ವಸ್ತುವನ್ನು ಕೈಗಾರಿಕಾ ಕ್ರಮದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ೧೯೫೭ರ ಕಾಯಿದೆಯ ೧೫ನೆಯ ಕಲಮಿನ ಮೇರೆಗೆ ಗ್ರಂಥಸ್ವಾಮ್ಯವೂ ಅಳಿದುಹೋಗುತ್ತದೆ. ಕೈಯಿಂದ ಕೆತ್ತಿ, ಕಿಟ್ಟ ಬಳಿದು ಮಾಡಿದ ಗೊಂಬೆಯು ಆ ಕಲಮಿನ ಅರ್ಥದಲ್ಲಿ ಕೈಗಾರಿಕಾ ವಸ್ತುವೋ, ಅಥವಾ ಅದೇ ಕಾಯಿದೆಯ ೨ನೆಯ ಕಲಮಿನಲ್ಲಿ ಹೇಳಿದ ಕಲಾಕೌಶಲದ ಕೃತಿಯೋ ಎಂಬುದರ ಮೇಲೆ ಆ ಚಿತ್ರಗಾರನ ಹಕ್ಕು ನಿಂತಿದೆ.